ಹೊಟ್ಟೆ ಕಟ್ಟಿದ ಇಗುವಾನಾ ಮರಿ

ಸೋಮವಾರ ಬೆಳಿಗ್ಗೆ ನಮ್ಮ ಮೇಜಿನ ಮೇಲೆ ಬಂದು ಕೂತ ಇಗುವಾನಾ ಮರಿ ಒಂಬತ್ತು ದಿನದಿಂದ ಹೇತಿರಲಿಲ್ಲ. ಇದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲು ನನಗೆ ಬರುವುದಿಲ್ಲ. ಗದಗ ಸೀಮೆಯ ಎಮ್ಮೆ, ಆಡುಗಳ ಹಿಂದೆ ನಿಂತು ಡಾಕ್ಟರಿಕೆ ಕಲಿತವಳು ನಾನು. ಅಮೆರಿಕಕ್ಕೆ ಬಂದ ಮೇಲೆ, ಇಲ್ಲಿನ ಲೈಸೆನ್ಸ್ ಪರೀಕ್ಷೆಗಳು ಮುಗಿಯುವ ತನಕ, ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದೆ. ನಾಯಿ ಬೆಕ್ಕು ಬಿಟ್ಟು ಮಿಕ್ಕ ಸಾಕುಪ್ರಾಣಿಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಗಿಳಿ, ಮೊಲ, ಆಮೆ, ಹಾವುಗಳನ್ನು ಹಿಡಿಯುವುದು, ತೂಗುವುದು, ಗೂಡು ತೊಳೆಯುವುದು, ಅವುಗಳ ಹಿಕ್ಕೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುವುದು ನನ್ನ ಕೆಲಸ. ಮದ್ದು ಹೇಳುವ ಅಧಿಕಾರ ನನಗಿರಲಿಲ್ಲ, ಹೇಳುವ ಚಟ ಮಾತ್ರ ಹೋಗಿರಲಿಲ್ಲ.

ಇಗುವಾನಾ ಎಂದರೆ ಸೊಪ್ಪು ತಿನ್ನುವ ದೊಡ್ಡ ಹಸಿರು ಸರೀಸೃಪ; ಈ ಮರಿಗೆ ಆರು ತಿಂಗಳು. ಬಾಲ ಬಿಟ್ಟರೆ ನನ್ನ ಅಂಗೈಯಷ್ಟು ಉದ್ದ, ತೂಕ ಎಪ್ಪತ್ತೆಂಟು ಗ್ರಾಂ. ಹೆಸರು ಪಿಕಲ್. ಹೆಸರಿಟ್ಟವಳು ಹತ್ತು ವರ್ಷದ ಹುಡುಗಿ. ಅವಳ ತಾಯಿಯೂ ಅಜ್ಜಿಯೂ ಜೊತೆಗೆ ಬಂದಿದ್ದರು. ಮೈಸೂರಿನವರು, ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಮೈಲಿ ದೂರದ ಬಡಾವಣೆಯಲ್ಲಿದ್ದವರು. ತಾಯಿಯನ್ನು ಸಂಕ್ರಾಂತಿಯ ದಿನ ಯಾರದೋ ಮನೆಯಲ್ಲಿ ಎಳ್ಳು ಬೀರುವಾಗ ನೋಡಿದ್ದೆ. ಮುಖ ನೆನಪಿತ್ತು, ಆಡಿದ ಮಾತು ನೆನಪಿರಲಿಲ್ಲ.

ಇಗುವಾನಾ ಸಾಕಿದವರಿಗೆ ಅದರ ಹಿಕ್ಕೆಯೇ ಪಂಚಾಂಗ. ಆರೋಗ್ಯವಾಗಿರುವ ಮರಿ ದಿನಕ್ಕೊಮ್ಮೆ, ತಪ್ಪಿದರೆ ದಿನ ಬಿಟ್ಟು ದಿನ ಹೇಲುತ್ತದೆ. ಅದರಲ್ಲಿ ಮೂರು ಭಾಗ: ಕಂದು ಬಣ್ಣದ ಗಟ್ಟಿ ಹಿಕ್ಕೆ, ಸುಣ್ಣದಂತೆ ಬೆಳ್ಳಗಿರುವ ಮೂತ್ರದ ಉಪ್ಪು, ಒಂದಿಷ್ಟು ತಿಳಿನೀರು. ಬೆಚ್ಚನೆಯ ನೀರಿನಲ್ಲಿ ಬಿಟ್ಟರೆ ಹೆಚ್ಚಿನವು ಐದೇ ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ಅದು ತಿನ್ನುವುದು ಬರೀ ಸೊಪ್ಪು. ಸೊಪ್ಪನ್ನು ಕೊಳೆಸಿ ಜೀರ್ಣ ಮಾಡುವುದು ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು. ಅದಕ್ಕೆ ಕಾವು ಬೇಕು, ಗೂಡಿಗೆ ಕಟ್ಟಿದ ಬಿಸಿ ದೀಪದ ಕೆಳಗೆ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಆದರೂ ಇರಬೇಕು.

ಕ್ಲಿನಿಕ್ಕಿನ ಒಡತಿ ಅರವತ್ತು ದಾಟಿದ ಅಮೆರಿಕನ್ ಡಾಕ್ಟರು. ಮಾತು ಕಡಿಮೆ, ಕೈ ಬಹಳ ಮೆತ್ತಗೆ. ಅವರು ಎಕ್ಸ್‌ರೇ ತೆಗೆಸಿದರು. ಕಲ್ಲು, ಮರಳು ಏನೂ ಇರಲಿಲ್ಲ. ಕರುಳಿನ ತುಂಬ ಗಾಳಿ, ಕೊನೆಯಲ್ಲೊಂದು ಗಂಟು. ಫಾರ್ಮಿನಲ್ಲಿ ಈಚೆಗೆ ಕೊಟ್ಟ ಔಷಧಿ ಎಂಬ ಜಾಗದಲ್ಲಿ ತಾಯಿ ಏನೂ ಇಲ್ಲ ಎಂದು ಬರೆದಿದ್ದರು. ಡಾಕ್ಟರು ಹುಡುಗಿಯನ್ನು ಹೊರಗೆ ಕಳಿಸಿ ನೇರವಾಗಿ ಹೇಳಿದರು. ಇಷ್ಟು ಸಣ್ಣ ಜೀವದ ಹೊಟ್ಟೆ ಕೊಯ್ದರೆ ಉಳಿಯುವುದು ಕಷ್ಟ. ಶುಕ್ರವಾರದವರೆಗೆ ನೋಡೋಣ. ಅಷ್ಟರಲ್ಲಿ ಹೊಟ್ಟೆ ಸಡಿಲಾಗದೆ, ತಿನ್ನಲೂ ಶುರು ಮಾಡದಿದ್ದರೆ, ನರಳಲು ಬಿಡದೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವುದೇ ಒಳ್ಳೆಯದು.

ತಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಡಾಕ್ಟ್ರೇ, ಭಾನುವಾರ ನಾವು ಷಿಕಾಗೋಗೆ ಶಿಫ್ಟ್ ಆಗ್ತಿದೀವಿ. ಇವಳ ಅಪ್ಪಂಗೆ ವಾರೆನ್‌ನಲ್ಲಿ ಕೆಲಸ ಹೋಯ್ತಲ್ಲ, ಅಲ್ಲಿ ಸಿಕ್ಕಿದೆ. ಸ್ಕೂಲು, ಫ್ರೆಂಡ್ಸು ಎಲ್ಲ ಬಿಟ್ಟು ಬಾ ಅಂತ ಹೇಳಿ, ಇದನ್ನಾದ್ರೂ ಕರ್ಕೊಂಡು ಹೋಗೋಣ ಅಂತ ಪ್ರಾಮಿಸ್ ಮಾಡಿದೀನಿ."

ಕಾರು ಕಂಪನಿಗಳು ಮುಗ್ಗರಿಸಿದ ಆ ಚಳಿಗಾಲ ಡೆಟ್ರಾಯಿಟ್ ಸುತ್ತಮುತ್ತ ಇಂಥ ಮಾತು ಮನೆಮನೆಯದು. ನನ್ನ ಗಂಡನ ಆಫೀಸಿನಲ್ಲೂ ಪ್ರತಿ ಶುಕ್ರವಾರ ಯಾರಾದರೊಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ಹೊರಡುತ್ತಿದ್ದರು. ಮರಿಯನ್ನು ಕ್ಲಿನಿಕ್ಕಿನಲ್ಲಿ ಬಿಟ್ಟು ಅವರು ಹೋದರು. ಹೋಗುವ ಮೊದಲು ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ಇದು ಹಲ್ಲಿಯ ಜಾತಿಯೋ ಓತಿಕ್ಯಾತದ ಜಾತಿಯೋ ಎಂದು ಕೇಳಿದರು. ಎರಡು ಸಲ ಅವರ ಭುಜದ ಮೇಲೆ ಹತ್ತಿತ್ತಂತೆ, ಎರಡು ಸಲವೂ ಆ ಚಳಿಯಲ್ಲಿ ತಲೆಗೆ ಸ್ನಾನ ಮಾಡಿದ್ದರಂತೆ.

ಮಂಗಳವಾರವಿಡೀ ಸ್ನಾನವೇ ನಡೆಯಿತು, ಅಜ್ಜಿಯದಲ್ಲ, ಪಿಕಲ್‌ನದು. ಪ್ಲಾಸ್ಟಿಕ್ ಟಬ್ಬಿನಲ್ಲಿ ಅದರ ಭುಜದ ಮಟ್ಟಕ್ಕೆ ನೀರು, ಥರ್ಮಾಮೀಟರಿನಲ್ಲಿ ಎಂಬತ್ತೆಂಟು ಡಿಗ್ರಿ. ಇಪ್ಪತ್ತು ನಿಮಿಷ ಬಿಡುವುದು, ನೀರು ಆರಿದರೆ ಬದಲಿಸುವುದು, ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಬೆರಳ ತುದಿಯಲ್ಲಿ ನೀವುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಡಾಕ್ಟರು ಚರ್ಮದ ಕೆಳಗೆ ಸಲೈನ್ ಕೊಟ್ಟರು. ಬಂದದ್ದು ಬಿಳಿ ಉಪ್ಪಿನ ಒಂದು ಚೂರು ಮಾತ್ರ. ಮರಿ ಕಣ್ಣು ಮುಚ್ಚಿ, ನನ್ನ ಹೆಬ್ಬೆರಳನ್ನು ಅಪ್ಪಿಕೊಂಡು ತೇಲುತ್ತಿತ್ತು. ಸಂಜೆ ತೂಗಿದಾಗ ಎಪ್ಪತ್ತಾರು.

ಬುಧವಾರ ಡಾಕ್ಟರು ಸಣ್ಣ ಎನಿಮಾ ಕೊಟ್ಟರು. ಅರ್ಧ ಗಂಟೆಯ ಮೇಲೆ ಆ ಗಂಟು ಹೊರಬಂತು. ಅಕ್ಕಪಕ್ಕದ ಕೋಣೆಯವರೆಲ್ಲ ಇಣುಕಿ ನೋಡಿ ಸಂಭ್ರಮಪಟ್ಟರು. ನಾನೂ ಪಟ್ಟೆ, ಅದನ್ನು ಬಿಡಿಸಿ ನೋಡುವವರೆಗೆ. ಒಳಗೆ ಸೊಪ್ಪಿನ ಚೂರುಗಳು ಹೆಚ್ಚಿ ಹಾಕಿದ ಹಾಗೇ ಇದ್ದವು, ನರ ಸಹಿತ, ಹಸಿರು ಸಹಿತ. ಕಟ್ಟಿದ್ದು ಹೊರಬಿದ್ದಿತ್ತು, ಕಾಯಿಲೆ ಒಳಗೇ ಇತ್ತು. ಡಾಕ್ಟರು ಶುಕ್ರವಾರದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿಗೆ ಇಟ್ಟೆ. ಸರಿಯಿರುವ ಇಗುವಾನಾದ ಹಿಕ್ಕೆಯಲ್ಲಿ ಸಂತೆ ನೆರೆದಿರುತ್ತದೆ. ಓಡುವವು, ಸುತ್ತುವವು, ಒಂದನ್ನೊಂದು ತಳ್ಳುವವು. ಇಲ್ಲಿ ಏನೂ ಅಲುಗುತ್ತಿರಲಿಲ್ಲ. ಇನ್ನೆರಡು ಸ್ಲೈಡ್ ಮಾಡಿದೆ, ಅವೂ ಹಾಗೆಯೇ. ಇಂಥದ್ದನ್ನು ನಾನು ಮೊದಲೂ ಕಂಡಿದ್ದೆ, ಆದರೆ ಎಮ್ಮೆಯಲ್ಲಿ. ಯಾರೋ ಕಾಂಪೌಂಡರನ ಮಾತು ಕೇಳಿ ವಾರಗಟ್ಟಲೆ ಗುಳಿಗೆ ನುಂಗಿಸಿದ ಎಮ್ಮೆಗಳ ಹೊಟ್ಟೆಯ ರಸ ಹೀಗೆಯೇ ಸತ್ತು ಬಿದ್ದಿರುತ್ತಿತ್ತು. ಚಳಿಗೆ ಜೀರ್ಣ ನಿಧಾನವಾಗಬಹುದು, ಇಷ್ಟು ಬೋಳಾಗುವುದಿಲ್ಲ. ಯಾರೋ ಏನೋ ಕೊಟ್ಟಿದ್ದಾರೆ ಅನ್ನಿಸಿತು. ಫಾರ್ಮ್ ಮತ್ತೆ ನೋಡಿದೆ. ಔಷಧಿ: ಏನೂ ಇಲ್ಲ.

ಸಂಜೆ ಡ್ಯೂಟಿ ಮುಗಿಸಿ ಮನೆಗೆ ಹೋಗದೆ ಅವರ ಮನೆಗೆ ಡ್ರೈವ್ ಮಾಡಿದೆ. ಹಾಲಿನ ತುಂಬ ಪೆಟ್ಟಿಗೆಗಳು. ಒಳಗೂ ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರು, ಬಿಲ್ಲು ಉಳಿಸಲು ಥರ್ಮೋಸ್ಟಾಟನ್ನು ಅರವತ್ತೆರಡಕ್ಕೆ ಇಳಿಸಿದ್ದರು. ಮರಿಯ ಗಾಜಿನ ಪೆಟ್ಟಿಗೆ ಕಿಟಕಿಯ ಪಕ್ಕ, ದೀಪ ದಿನಕ್ಕೆ ಎರಡೇ ತಾಸು. ಚಳಿಯ ಸಂಗತಿ ಅರ್ಥವಾಯಿತು. ಅಜ್ಜಿ ಕಾಫಿ ಕೊಟ್ಟರು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಆಸ್ಪತ್ರೆಯ ದನಿಯಲ್ಲಲ್ಲ, ನಮ್ಮ ಊರಿನ ದನಿಯಲ್ಲಿ ಕೇಳಿದೆ.

"ಸಿಟ್ಟಾಗಬ್ಯಾಡ್ರಿ. ನಾ ಬಯ್ಯಾಕ ಬಂದಿಲ್ಲ. ಮರಿಗೆ ಏನರ ಔಷಧ ಕೊಟ್ಟೀರೇನು?"

ಹುಡುಗಿ ನೆಲ ನೋಡುತ್ತ ಹೇಳಿದಳು. "ಅಮ್ಮ ಗೇವ್ ಹಿಮ್ ದ ಪಿಂಕ್ ಮೆಡಿಸಿನ್. ಮೈ ಪಿಂಕ್ ಮೆಡಿಸಿನ್."

ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಒಂದು ಔಷಧಿಯ ಡಬ್ಬ ಇದ್ದೇ ಇರುತ್ತದೆ. ಇಲ್ಲಿ ಚೀಟಿಯಿಲ್ಲದೆ ಸಿಗದ ಆಂಟಿಬಯೋಟಿಕ್ ಮೈಸೂರಿನ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ನನ್ನ ಮನೆಯ ಕಪಾಟಿನಲ್ಲೂ ಅಂಥ ಡಬ್ಬವಿತ್ತು, ಆದ್ದರಿಂದ ನಾನೇನೂ ಗುಡಿಯೊಳಗಿನ ದೇವರಲ್ಲ. ಅಜ್ಜಿ ತಂದ ಮಕ್ಕಳ ಸಿರಪ್ಪನ್ನು ಡ್ರಾಪರಿನಲ್ಲಿ ಐದು ದಿನ ಹಾಕಿದ್ದರು. ಮೊದಲು ಮರಿಗೆ ಭೇದಿಯಾಗಿತ್ತಂತೆ, ಪೂಜೆಯ ಬಾಳೆಹಣ್ಣು ದಿನಾ ತಿನ್ನಿಸಿದ್ದರಿಂದ. ಸಿರಪ್ ಹಾಕಿದ ಮೇಲೆ ಭೇದಿ ನಿಂತಿತು. ಆಮೇಲೆ ಎಲ್ಲವೂ ನಿಂತಿತು.

"ಫಾರ್ಮಲ್ಲಿ ಬರೆದ್ರೆ ಏನಾದ್ರೂ ಕೇಸ್ ಗೀಸ್ ಆಗುತ್ತೇನೋ ಅಂತ ಭಯ ಆಯ್ತು," ಎಂದರು ತಾಯಿ. "ಈಗಾಗ್ಲೇ ವೀಸಾದು ಒಂದು ತಲೆನೋವು." ಸ್ವಲ್ಪ ತಡೆದು, ನನ್ನ ಮುಖ ನೋಡದೆ ಸೇರಿಸಿದರು. "ಸಂಕ್ರಾಂತಿ ದಿನ ನಿಮ್ಮನ್ನೇ ಕೇಳಿದ್ನಲ್ಲ ಡಾಕ್ಟ್ರೇ. ಇನ್‌ಫೆಕ್ಷನ್ ಇರ್ಬೇಕು ಅಂದ್ರಿ."

ಆಗ ನೆನಪಾಯಿತು. ಕೈಯಲ್ಲಿ ಪುಳಿಯೋಗರೆಯ ತಟ್ಟೆ, ಬಾಯಲ್ಲಿ ತುತ್ತು. ಯಾವ ಪ್ರಾಣಿ, ಏನು ತಿನ್ನುತ್ತದೆ, ಮನೆ ಎಷ್ಟು ತಣ್ಣಗಿದೆ, ಒಂದನ್ನೂ ಕೇಳಿರಲಿಲ್ಲ. ಡಾಕ್ಟ್ರೇ ಎಂದು ಕರೆದರಲ್ಲ ಎಂಬ ಖುಷಿಗೆ ಹೇಳಿಬಿಟ್ಟಿದ್ದೆ. ವರ್ಷವಿಡೀ ಗೂಡು ತೊಳೆಯುವವಳಿಗೆ ಆ ಒಂದು ಕರೆ ಎಷ್ಟು ಸಿಹಿ ಎಂದು ಯಾರಿಗೆ ಹೇಳಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಆ ಅಡುಗೆಮನೆಯಲ್ಲಿ ನಿಜವಾಗಿ ನಾಚಿಕೆಯಾಯಿತು. "ತಪ್ಪು ನಂದೈತ್ರಿ," ಎಂದೆ. ಅವರು ಇಲ್ಲ ಎನ್ನಲಿಲ್ಲ.

ಗುರುವಾರ ಬೆಳಿಗ್ಗೆ ಡಾಕ್ಟರು ಕೋಟು ತೆಗೆದಿಡುವ ಮೊದಲೇ ಎಲ್ಲ ಹೇಳಿದೆ, ನನ್ನ ಪಾಲನ್ನೂ ಬಿಡಲಿಲ್ಲ. ಲೈಸೆನ್ಸ್ ಇಲ್ಲದೆ ಸಲಹೆ ಕೊಟ್ಟದ್ದು ಗೊತ್ತಾದರೆ ಕೆಲಸದಿಂದ ತೆಗೆಯಬಹುದು ಎಂದು ನನಗೆ ಗೊತ್ತಿತ್ತು. ಅವರು ಕೋಟು ತೆಗೆದು ಗೂಟಕ್ಕೆ ಸಿಕ್ಕಿಸಿದರು. "ಇನ್ನು ಮೇಲೆ ಪಾರ್ಟಿಯಲ್ಲಿ ಬಾಯಿ ತೆರೆಯುವುದು ತಿನ್ನುವುದಕ್ಕೆ ಮಾತ್ರ," ಎಂದರು. ಆಮೇಲೆ, "ಸರಿ, ಈಗ ಏನು ಮಾಡೋಣ ಅನ್ನುತ್ತೀಯ?" ಎಂದು ಕೇಳಿದರು. ಎರಡು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

ರಾತ್ರಿ ನಾನು ಯೋಚಿಸಿದ್ದೆ. ನಮ್ಮ ಕಡೆ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿದರೆ, ಅನುಭವಸ್ಥ ರೈತರು ಪಕ್ಕದ ಕೊಟ್ಟಿಗೆಯ ಗಟ್ಟಿಮುಟ್ಟಾದ ಎಮ್ಮೆಯ ಬಾಯಿಗೆ ಕೈ ಹಾಕಿ, ಅದರ ಮೆಲುಕಿನ ಉಂಡೆಯನ್ನೇ ಕದ್ದು ತಂದು ಇದಕ್ಕೆ ನುಂಗಿಸುತ್ತಾರೆ. ಕಾಲೇಜಿನಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ಕೆಲಸ ಒಂದೇ. ಹೊಟ್ಟೆಯಲ್ಲಿ ಸತ್ತ ಸಂತೆಯನ್ನು ಮತ್ತೆ ಕೂಡಿಸುವುದು. ಕಾಡಿನಲ್ಲಿ ಮೊಟ್ಟೆಯೊಡೆದ ಇಗುವಾನಾ ಮರಿಗಳೂ ಮೊದಲ ವಾರಗಳಲ್ಲಿ ದೊಡ್ಡವುಗಳ ಹಿಕ್ಕೆ ತಿಂದೇ ಸೊಪ್ಪು ಅರಗಿಸುವ ಶಕ್ತಿ ಪಡೆಯುತ್ತವೆ ಎಂದು ಓದಿದ್ದೆ. ಡಾಕ್ಟರಿಗೂ ಅದು ಗೊತ್ತಿತ್ತು, ಕೈಯಾರೆ ಮಾಡಿರಲಿಲ್ಲ. ಕಿಟಕಿಯಾಚೆ ನೋಡುತ್ತ ನಿಂತು, "ಮಾಡೋಣ," ಎಂದರು.

ಹಿಕ್ಕೆ ಕೊಡುವವನು ಹಿಂದಿನ ಕೋಣೆಯಲ್ಲೇ ಇದ್ದ. ನಾಲ್ಕು ಅಡಿ ಉದ್ದದ ಗಂಡು ಇಗುವಾನಾ. ಮನೆ ಬಿಡಬೇಕಾಗಿ ಬಂದ ಯಾರೋ ಅದನ್ನು ಅಳುತ್ತ ನಮ್ಮಲ್ಲಿ ಬಿಟ್ಟುಹೋಗಿದ್ದರು. ದಿನಾ ಬೈದುಕೊಂಡು ಅದರ ತೊಟ್ಟಿ ತೊಳೆಯುತ್ತಿದ್ದೆ. ಬುಧವಾರವಷ್ಟೇ ಬೊಗಸೆ ತುಂಬ ಹೇತಿದ್ದನ್ನು ನಾನೇ ಎಸೆದಿದ್ದೆ. ದೊಡ್ಡವು ಎರಡು ಮೂರು ದಿನಕ್ಕೊಮ್ಮೆ ಹೇಲುತ್ತವೆ, ನಮಗೆ ಬೇಕಾದದ್ದು ಇವತ್ತಿನದು. ಬೆಚ್ಚನೆ ನೀರಿಗೆ ಬಿಟ್ಟೆವು, ಅದು ಈಜಾಡಿತು. ಹೊಟ್ಟೆ ತುಂಬ ಸೊಪ್ಪು ಹಾಕಿದೆವು, ತಿಂದು ನಿದ್ದೆ ಮಾಡಿತು. ರಿಸೆಪ್ಷನ್ನಿನ ಹುಡುಗಿ ಹತ್ತು ನಿಮಿಷಕ್ಕೊಮ್ಮೆ ಬಂದು, ಆಯಿತೇ ಎಂದು ಕೇಳಿ ಹೋಗುತ್ತಿದ್ದಳು. ಡಾಕ್ಟರು ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ. ನಾಲ್ಕೂವರೆಗೆ, ಮೂರನೆಯ ಸ್ನಾನದಲ್ಲಿ, ಪುಣ್ಯಾತ್ಮ ದಯಪಾಲಿಸಿದ.

ಅದನ್ನು ಪರೀಕ್ಷೆ ಮಾಡಿದೆ. ಸಂತೆ ಜೋರಾಗಿತ್ತು. ಆದರೆ ಅಲ್ಲಲ್ಲಿ ದಾರದಂಥ ಹುಳುವಿನ ಮೊಟ್ಟೆಗಳೂ ಕಂಡವು. ಡಾಕ್ಟರನ್ನು ಕೂಗಿದೆ. ಅವರು ಬಂದು ಲೆನ್ಸಿಗೆ ಕಣ್ಣಿಟ್ಟರು. ಈ ಜಾತಿಯ ಹುಳು ಬಹುಪಾಲು ಇಗುವಾನಾಗಳಲ್ಲಿ ತೊಂದರೆ ಕೊಡದೆ ಇರುತ್ತದೆ, ಹುಳುವಿನ ಜೊತೆ ಮರಿ ಬದುಕಬಲ್ಲದು, ಖಾಲಿ ಕರುಳಿನ ಜೊತೆ ಬದುಕಲಾರದು ಎಂದರು. ಆದರೆ ಮನೆಯವರ ಒಪ್ಪಿಗೆ ಬರಹದಲ್ಲಿ ಬೇಕು.

ತಾಯಿಯೂ ಅಜ್ಜಿಯೂ ಐದೂವರೆಗೆ ಬಂದರು. ನಾನು ವಿಷಯ ಹೇಳಿದೆ. ತಾಯಿ ಸೆರಗು ಹುಡುಕುವವರಂತೆ ಜಾಕೆಟ್ಟಿನ ಅಂಚನ್ನು ಬಾಯಿಗೆ ಒತ್ತಿಕೊಂಡರು. ಅಜ್ಜಿ ಮಾತ್ರ ತಲೆ ಓರೆ ಮಾಡಿ ಪೂರ್ತಿ ಕೇಳಿದರು.

"ಅಲ್ಲಮ್ಮ, ಆ ದೊಡ್ಡದು ಶುದ್ಧ ಸಸ್ಯಾಹಾರಿ ತಾನೆ?"

"ಹೌದ್ರಿ ಅಮ್ಮಾ. ಸೊಪ್ಪು ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ."

"ಹಾಗಿದ್ರೆ ಇನ್ನೇನು ಯೋಚನೆ? ಮನೇಲಿ ಹೋಮ ಹವನ ಅಂದ್ರೆ ನಾವು ಪಂಚಗವ್ಯ ತಗೊಳೋಲ್ವಾ? ಅದ್ರಲ್ಲಿ ಸಗಣಿ ಇರೋಲ್ವಾ? ಅದಕ್ಕೆ ಅದರ ಹಿರಿಯರದ್ದು ಪ್ರಸಾದ. ಸೈನ್ ಹಾಕೇ, ಸುಮ್ನೆ ಯಾಕೆ ಹೊತ್ತು ಕಳೀತೀಯ."

ತಾಯಿ ಸೈನ್ ಹಾಕಿದರು. ಅಜ್ಜಿ ಏನಂದರು ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಅನುವಾದ ಮಾಡಿದೆ. ಆ ಮಿತಭಾಷಿ ಹೆಂಗಸು ಗೋಡೆ ಹಿಡಿದುಕೊಂಡು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಬಟಾಣಿಯಷ್ಟು ಹಿಕ್ಕೆಯನ್ನು ಉಗುರುಬೆಚ್ಚಗಿನ ಸಲೈನಿನಲ್ಲಿ ಕಲಸಿ, ಗಾಜ್ ಬಟ್ಟೆಯಲ್ಲಿ ಎರಡು ಸಲ ಸೋಸಿ, ನುಣ್ಣಗೆ ಅರೆದ ಸೊಪ್ಪು ಸ್ವಲ್ಪ ಸೇರಿಸಿದೆ. ತಡ ಮಾಡಿದರೆ ಒಳಗಿನ ಜೀವಿಗಳು ಸಾಯುತ್ತವೆ. ಮರಿಯ ಬಾಯನ್ನು ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಬಿಡಿಸಿ ನಾನು ಹಿಡಿದೆ, ಡಾಕ್ಟರು ಮೊಂಡು ತುದಿಯ ನಳಿಕೆ ಇಳಿಸಿ ಒಂದು ಮಿಲಿಗೂ ಕಡಿಮೆ ಒಳಗೆ ಬಿಟ್ಟರು. ಐದು ನಿಮಿಷ ನೆಟ್ಟಗೆ ಎತ್ತಿ ಹಿಡಿದುಕೊಂಡೆ. ವಾಂತಿ ಮಾಡಲಿಲ್ಲ. ಇಷ್ಟು ಮಾಡಿದ ಮೇಲೆ ನಾಳೆಯೇ ಕೊಲ್ಲುವುದರಲ್ಲಿ ಅರ್ಥವಿಲ್ಲವೆಂದು ಡಾಕ್ಟರು ಗಡುವನ್ನು ಸೋಮವಾರಕ್ಕೆ ತಳ್ಳಿದರು.

ಶುಕ್ರವಾರ ದೊಡ್ಡದು ಮತ್ತೊಂದಿಷ್ಟು ಹೇತಿತು, ಮರಿಗೆ ಎರಡನೆಯ ಸಲ ಕೊಟ್ಟೆವು. ಏನೂ ಆಗಲಿಲ್ಲ, ತೂಕ ಎಪ್ಪತ್ತೈದು. ವಾರಾಂತ್ಯಕ್ಕೆ ಅದನ್ನು ನನ್ನ ಮನೆಗೆ ಕೊಟ್ಟು ಕಳಿಸಿದರು. ಬಾತ್‌ರೂಮಿಗೆ ಹೀಟರ್ ಇಟ್ಟೆ, ದೀಪ ಕಟ್ಟಿದೆ. ನನ್ನ ಗಂಡ ಎರಡು ದಿನ ಅಲ್ಲಿ ಬೆವರುತ್ತಲೇ ಹಲ್ಲುಜ್ಜಿದ. ಶನಿವಾರ ಅಜ್ಜಿ ಹುಡುಗಿಯೊಂದಿಗೆ ಬಂದರು. ಪೂಜೆಗೆಂದು ಕುಂಡದಲ್ಲಿ ಬೆಳೆಸಿದ ದಾಸವಾಳದಲ್ಲಿ ಅವತ್ತು ಒಂದೇ ಹೂ ಬಿಟ್ಟಿತ್ತಂತೆ. ಇಗುವಾನಾಗಳು ದಾಸವಾಳ ತಿನ್ನುತ್ತವೆಂದು ಹುಡುಗಿ ಲೈಬ್ರರಿಯ ಪುಸ್ತಕದಲ್ಲಿ ಓದಿದ್ದಳು. ಅವಳು ಎಸಳು ಹಿಡಿದು ಕಾದಳು. ಹತ್ತು ನಿಮಿಷವಾದ ಮೇಲೆ ಪಿಕಲ್ ನಾಲಿಗೆ ಚಾಚಿ ಮುಟ್ಟಿ ನೋಡಿತು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಕಚ್ಚಿತು. ಸಂಜೆಯೊಳಗೆ ಪೂರ್ತಿ ಹೂವನ್ನು ತಿಂದಿತ್ತು. "ಹೀ ಏಟ್ ಇಟ್," ಎಂದು ಹುಡುಗಿ ಪಿಸುಗುಟ್ಟಿದಳು, ಜೋರಾಗಿ ಹೇಳಿದರೆ ಉಗುಳಿಬಿಡುತ್ತದೆ ಅನ್ನುವ ಹಾಗೆ.

ತಿಂದದ್ದು ಸರಿ, ಹೊರಗೆ ಬರಬೇಕಲ್ಲ. ಅರಗದೆ ಕೂತರೆ ಒಳಗೇ ಕೊಳೆತು ಇನ್ನೂ ಬೇಗ ಸಾಯುತ್ತದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿಸಿದೆ, ಏನೂ ಇಲ್ಲ. ಎಂಟಕ್ಕೆ ಮಾಡಿಸಿದೆ, ಆಗಲೂ ಇಲ್ಲ. ಒಂಬತ್ತೂವರೆಗೆ ಅವರ ವ್ಯಾನು ಸಾಮಾನು ಹೇರಿಕೊಂಡು ಬಂದು ನಿಂತಿತು. ತಂದೆ ಎಂಜಿನ್ ಆಫ್ ಮಾಡದೆ ಕೂತಿದ್ದರು. ತಾಯಿ ಒಬ್ಬರೇ ಒಳಗೆ ಬಂದರು.

ನಾನು ಮುಚ್ಚಿಡದೆ ಹೇಳಿದೆ. ಇಲ್ಲಿ ಬಿಟ್ಟುಹೋದರೆ ನಾಳೆ ಡಾಕ್ಟರು ನೋವಿಲ್ಲದೆ ಮಲಗಿಸುತ್ತಾರೆ ಅಥವಾ ಅಷ್ಟರೊಳಗೆ ಗುಣವಾಗಬಹುದು. ಕರೆದುಕೊಂಡು ಹೋದರೆ ಇನ್ನೂರೆಂಬತ್ತು ಮೈಲಿ, ಹೊರಗೆ ಹದಿನೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ದಾರಿಯಲ್ಲಿ ಮಗಳ ಮಡಿಲಲ್ಲೇ ಸತ್ತರೂ ಸಾಯಬಹುದು. "ನಿಮಗ ಹ್ಯಾಂಗ ಅನಸ್ತದೋ ಹಂಗ ಮಾಡ್ರಿ. ಈ ಸಲ ನಾ ಏನೂ ಹೇಳೂದಿಲ್ಲ."

ಅವರು ಬಾತ್‌ರೂಮಿನ ಬಾಗಿಲಲ್ಲಿ ನಿಂತು ಮರಿಯನ್ನು ನೋಡಿದರು. ಅಡುಗೆಮನೆಯ ಆ ಸಂಜೆಯ ನಂತರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ. "ನಾವು ಈ ಊರಿಂದ ತಗೊಂಡು ಹೋಗ್ತಿರೋದ್ರಲ್ಲಿ ಜೀವ ಇರೋದು ಇದೊಂದೇ," ಎಂದರು. "ಕರ್ಕೊಂಡೇ ಹೋಗ್ತೀವಿ."

ಪಿಕ್‌ನಿಕ್ ಕೂಲರಿನಲ್ಲಿ ಟವೆಲು ಹಾಸಿ, ಬಿಸಿನೀರಿನ ಎರಡು ಬಾಟಲಿ ಸುತ್ತಿಟ್ಟು, ಥರ್ಮಾಮೀಟರ್ ಅಂಟಿಸಿ ಕೊಟ್ಟೆ. ಒಳಗೆ ಎಂಬತ್ತೈದಕ್ಕಿಂತ ಕಡಿಮೆಯಾದರೆ ಹೀಟರ್ ಜಾಸ್ತಿ ಮಾಡಬೇಕು, ನೀವು ಬೆಂದರೂ ಸರಿ ಎಂದೆ. ಷಿಕಾಗೋದ ಒಬ್ಬ ಸರೀಸೃಪ ಡಾಕ್ಟರ ನಂಬರನ್ನು ನಮ್ಮ ಡಾಕ್ಟರೇ ಬರೆದು ಕಳಿಸಿದ್ದರು, ಅದನ್ನೂ ಕೊಟ್ಟೆ. ವ್ಯಾನು ತಿರುವು ದಾಟಿ ಹೋಯಿತು. ನಾನು ಒಳಗೆ ಬಂದು ಟಬ್ ತೊಳೆದೆ. ಅದು ಆಗಲೇ ಸ್ವಚ್ಛವಾಗಿತ್ತು, ಆದರೂ ತೊಳೆದೆ.

ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು. ಹುಡುಗಿ. ಹಿಂದೆ ಎಷ್ಟು ಗಾಳಿಯ ಸದ್ದೆಂದರೆ ಮೊದಲು ಏನೂ ಕೇಳಿಸಲಿಲ್ಲ.

"ಆಂಟಿ, ಹೀ ಪೂಪ್ಡ್. ಆನ್ ಅಜ್ಜೀಸ್ ಶಾಲ್. ಇಟ್ಸ್ ಹ್ಯೂಜ್."

"ಬಣ್ಣ ಯಾವುದು ಪುಟ್ಟಿ?"

"ಬ್ರೌನ್. ಅಂಡ್ ವೈಟ್. ಅಂಡ್ ಸಮ್ ವಾಟರ್."

"ಎಲೀ ಚೂರು ಕಾಣ್ತಾವೇನು?"

"ನೋ. ಜಸ್ಟ್ ಬ್ರೌನ್."

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಕಣ್ಣೀರು ಹಾಕಿದೆ ಎಂದು ಹೇಳಲು ಈಗ ಸಂಕೋಚವಿಲ್ಲ. ಫೋನು ಕೈ ಬದಲಾಯಿತು. ಈಗ ತಾಯಿ.

"ಡಾಕ್ಟ್ರೇ, ಕಲಮಜೂ ಎಕ್ಸಿಟ್ ದಾಟಿದೀವಿ. ಹೀಟರ್ ಫುಲ್ಲಾಗಿದೆ, ವಾಸನೆ ತಡೆಯೋಕೇ ಆಗ್ತಿಲ್ಲ. ಇವ್ರು ನಾಲ್ಕೂ ಕಿಟಕಿ ಇಳಿಸಿಬಿಟ್ಟಿದಾರೆ."

"ಮೊದ್ಲ ಕಿಟಕಿ ಏರಸ್ರಿ," ಎಂದೆ. ಗಾಳಿಯ ಸದ್ದು ಮೀರುವಂತೆ ಜೋರಾಗಿಯೇ ಹೇಳಿದೆ. "ಮರಿಗೆ ಥಂಡಿ ಹತ್ತತೈತಿ. ವಾಸನಿಗೆ ಯಾರೂ ಸಾಯಂಗಿಲ್ಲ. ಷಿಕಾಗೋ ತನಕ ಹಂಗ ಕುಂದರ್ರಿ."

ಆ ಕಡೆ ತಾಯಿ ನನ್ನ ಮಾತನ್ನು ಗಂಡನಿಗೆ ಹೇಳುವುದು, ಅಜ್ಜಿ ನಗುವುದು, ಹುಡುಗಿ ಗೊಣಗುವುದು ಕೇಳಿಸಿತು. ಒಂದಾದ ಮೇಲೊಂದು ನಾಲ್ಕೂ ಗಾಜುಗಳು ಮೇಲೇರಿದವು, ಗಾಳಿಯ ಸದ್ದು ನಿಂತಿತು.